ರುಮಾಲಿನೊಳಗಿನ ತಲೆ

ರಕ್ತ ಕಾಣದ ಪೆಟ್ಟನ್ನು ಲೋಕ ನಂಬುವುದಿಲ್ಲ. ಕಾಲು ಮುರಿದುಕೊಂಡವನಿಗೆ ಜನ ಸರಿದು ಜಾಗ ಬಿಡುತ್ತಾರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನ ಕೈ ಹಿಡಿದು ದಾರಿ ದಾಟಿಸುತ್ತಾರೆ. ತಲೆಯೊಳಗೆ ಏನೋ ಕದಡಿದೆ ಎಂದು ಹೇಳಿ ನೋಡಿ, ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಗುತ್ತಾರೆ. ನನಗೆ ಅದು ಒಂದು ಸಲವಲ್ಲ, ಮೂರು ಸಲ ಆಯಿತು. ಬೆಳಕು ಕಂಡರೆ ವಾಕರಿಕೆ ಬರುವ, ಬಾಯಿಗೆ ಬಂದ ಮಾತು ಹಲ್ಲಿನ ಹಿಂದೆಯೇ ನಿಂತುಬಿಡುವ ಆಟಗಾರ ಎಲ್ಲಾದರೂ ಇದ್ದರೆ, ಅವನು ಸೋಗು ಹಾಕುತ್ತಿಲ್ಲ ಎಂದು ಅವನ ಮನೆಯವರಿಗೆ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ, ಗೆದ್ದವನಿಗೆ ತಾನು ಗೆದ್ದದ್ದನ್ನು ಹೇಳಿಕೊಳ್ಳುವ ಚಟವೂ ಇರುತ್ತದೆ. ಅದನ್ನೇಕೆ ಮುಚ್ಚಿಡಲಿ?

ನಮ್ಮದು ಮಾನ್ವಿ ತಾಲೂಕಿನ ಮಲ್ಲಟ. ಊರ ಹೊರಗಿನ ಕೇರಿ. ಅಪ್ಪ ದುರಗಪ್ಪ ಕಂಡವರ ಹೊಲದಲ್ಲಿ ದುಡಿಯುತ್ತಿದ್ದ ಆಳು. ಅಕ್ಷರದ ಗಂಧವಿಲ್ಲದಿದ್ದರೂ ಹಠಕ್ಕೆ ಬಿದ್ದು ನನ್ನನ್ನು ಮಾನ್ವಿಯ ಶಾಲೆಗೆ ಹಾಕಿದ. ಆಗ ನಿಜಾಮರ ಕಾಲ. ನಾನು ಉರ್ದು ಕಲಿತೆ, ಕನ್ನಡ ಕಲಿತೆ, ಪಾಸೂ ಆದೆ. ಇನ್ನು ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಪುಸ್ತಕ ಓದಿ ತೋರಿಸಿದರೆ ಮಾಸ್ತರಿಕೆ ಸಿಗುವುದಿತ್ತು. ನಮ್ಮ ಕೇರಿಯ ಮೊದಲ ಮಾಸ್ತರ ನನ್ನ ಮಗ ಎಂದು ಅಪ್ಪ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ನನಗೆ ಇನ್ನೊಂದು ಹೆಸರು ಬಂದಿತ್ತು: ಡಿಕ್ಕಿ ಹಣಮ. ನಾನು ಫುಟ್‌ಬಾಲ್ ಆಡುತ್ತಿದ್ದೆ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದ ನಾನು ಗಾಳಿಯಲ್ಲಿ ಬಂದ ಚೆಂಡನ್ನು ತಲೆಯಿಂದ ಡಿಕ್ಕಿ ಹೊಡೆದರೆ ಗೋಲಿಗೆ ಹೋಗಿ ಬೀಳಬೇಕು. ಆ ಕಾಲದ ಚರ್ಮದ ಚೆಂಡು, ಮೇಲೆ ದಾರದ ಹೊಲಿಗೆ. ಮಳೆಯಲ್ಲಿ ನೆನೆದರೆ ಅದು ಚೆಂಡಲ್ಲ, ಬೀಸುವ ಕಲ್ಲು. ಆದರೂ ಅದರ ಮುಂದೆ ತಲೆ ಒಡ್ಡುವುದರಲ್ಲಿ ನನಗೆ ಎಂಥಾ ಖುಷಿ ಇತ್ತು ಅಂದರೆ, ಹೇಳಲಾಗದು. ಶಾಲೆಯಲ್ಲಿ ನನ್ನನ್ನು ಬಾಗಿಲ ಬಳಿ ಬೇರೆ ಕೂರಿಸುತ್ತಿದ್ದರು. ಮೈದಾನದಲ್ಲಿ ಹಾಗೆ ಮಾಡಲು ಯಾರಿಗೂ ಬರುತ್ತಿರಲಿಲ್ಲ.

ಮೊದಲ ಪೆಟ್ಟು ಮಾನ್ವಿಯಲ್ಲಿ. ಹಸಿ ನೆಲ, ಹಸಿ ಚೆಂಡು. ಡಿಕ್ಕಿ ಹೊಡೆಯಲು ಜಿಗಿದವನು ಗೋಲಿನ ಕಂಬಕ್ಕೆ ತಲೆ ಬಡಿದುಕೊಂಡು ಬಿದ್ದೆನಂತೆ. ಎದ್ದೆನಂತೆ. ಆಡಿ ಇನ್ನೊಂದು ಗೋಲು ಹೊಡೆದೆನಂತೆ. ಎಲ್ಲವೂ ಅಂತೆ, ಏಕೆಂದರೆ ನನ್ನ ಗೋಲನ್ನು ನಾನೇ ನೋಡಿಲ್ಲ. ಕಣ್ಣಿಗೆ ಲೋಕ ಸರಿಯಾಗಿ ಕಂಡಾಗ ನಾನು ಜನರ ಹೆಗಲ ಮೇಲಿದ್ದೆ. ಅಪ್ಪ ಮೈದಾನದ ಅಂಚಿನಲ್ಲಿ ನಿಂತು ಅಳುತ್ತಿದ್ದ. ಗೋಲಿಗಾಗಿ ಅಲ್ಲ. ಯಾರ ಅಂಗಳಕ್ಕೆ ಕಾಲಿಡಲು ಅವನು ಹೆದರುತ್ತಿದ್ದನೋ ಆ ಮನೆಗಳ ಗಂಡಸರು ಅವನ ಮಗನನ್ನು ಮುಟ್ಟಿ ಎತ್ತಿದ್ದರು. ಮುಂದೆ ವರ್ಷಗಟ್ಟಲೆ ಅಪ್ಪ ಆ ದಿನದ ಕತೆಯನ್ನು ಹೇಳಿದ, ಅದರಲ್ಲಿ ನನ್ನ ತಲೆಗೆ ಪೆಟ್ಟು ಬಿದ್ದ ಮಾತು ಒಮ್ಮೆಯೂ ಬರಲಿಲ್ಲ.

ಆ ಆಟದಿಂದಲೇ ರಾಯಚೂರಿನ ತಂಡಕ್ಕೆ ಕರೆ ಬಂತು. ತಂಡವನ್ನು ಸಾಕುತ್ತಿದ್ದವರು ಬಸಪ್ಪ ಸಾವುಕಾರರು, ಹತ್ತಿ ಬಿಡಿಸುವ ಜಿನ್ನಿನ ಮಾಲೀಕರು. ಹಣೆ ತುಂಬ ವಿಭೂತಿ, ಕುರ್ಚಿಯಲ್ಲಿ ಕೂತಲ್ಲೇ ಹನ್ನೊಂದು ಜನರ ಆಟವನ್ನೂ ಆಡುವ ಬಾಯಿ. ಕ್ಯಾಪ್ಟನ್ ಖಾದರ್ ರೇಲ್ವೆ ಶೆಡ್ಡಿನಲ್ಲಿ ದುಡಿಯುತ್ತಿದ್ದ. ರಾಯಚೂರಿಗೆ ಹೋದಾಗ ನಾನು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು ಕೋಟೆಯ ಗೋಡೆಯ ಮಗ್ಗುಲಲ್ಲಿದ್ದ ಅವನ ಮನೆಯಲ್ಲೇ.

ಎರಡನೆಯ ಪೆಟ್ಟು ದೇವದುರ್ಗದ ಆಟದಲ್ಲಿ. ಎದುರಿನವನೂ ನಾನೂ ಒಂದೇ ಚೆಂಡಿಗೆ ಜಿಗಿದು ತಲೆಗೆ ತಲೆ ತಾಗಿತು. ಅವನಿಗೆ ಹುಬ್ಬು ಒಡೆದು ರಕ್ತ ಸುರಿಯಿತು, ಆದ್ದರಿಂದ ಊರಿನ ಮರುಕವೆಲ್ಲ ಅವನ ಪಾಲಾಯಿತು. ನನಗೆ ಉಳ್ಳಾಗಡ್ಡಿ ಮೂಸಿಸಿ, ನೆತ್ತಿಗೆ ನಿಂಬೆಹಣ್ಣು ತಿಕ್ಕಿ, ಬೆನ್ನು ತಟ್ಟಿ ಕಳಿಸಿದರು. ಮಲ್ಲಟಕ್ಕೆ ಬಂದು ವಾರದವರೆಗೆ ಉಂಡದ್ದನ್ನೆಲ್ಲ ಕಾರಿದೆ. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಾದ್ದರಿಂದ ಇದು ದೊಡ್ಡ ದಿಷ್ಟಿಯೇ ಎಂದು ತೀರ್ಮಾನವಾಯಿತು.

ಸುದ್ದಿ ಸಾವುಕಾರರಿಗೆ ಮುಟ್ಟಿತು. ಅವರೂ ಕೆಟ್ಟವರಲ್ಲ, ತಮಗೆ ತೋಚಿದ ಔಷಧ ಮಾಡಿದರು. ತಮ್ಮ ಮನೆಯ ರೇಷ್ಮೆ ಅಂಚಿನ ರುಮಾಲು ತರಿಸಿ, ಎಲ್ಲರೆದುರು ತಮ್ಮ ಕೈಯಿಂದಲೇ ನನ್ನ ತಲೆಗೆ ಸುತ್ತಿದರು. ಅಂಥ ರುಮಾಲನ್ನು ನಮ್ಮ ಕಡೆ ಮದುಮಗನಿಗೋ, ಊರಿಗೆ ಉಪಕಾರ ಮಾಡಿದ ಹಿರಿಯನಿಗೋ ಸುತ್ತುತ್ತಾರೆ. ಇದನ್ನು ಬಿಗಿದುಕೊಂಡು ಆಡಿದರೆ ಚೆಂಡಲ್ಲ, ಬಂಡೆ ಬಿದ್ದರೂ ತಲೆಗೆ ತಾಗುವುದಿಲ್ಲ ಎಂದರು. ಮಂದಿಯೆಲ್ಲ ಹೌದು ಹೌದು ಎಂದಿತು. ಅಪ್ಪನ ಕಾಲಂತೂ ನೆಲ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಆ ರುಮಾಲನ್ನು ದಿನಾ ಕಣ್ಣಿಗೆ ಒತ್ತಿಕೊಂಡು ಗೂಟಕ್ಕೆ ಹಾಕುತ್ತಿದ್ದ.

ಮೂರನೆಯ ಪೆಟ್ಟು ಪೆಟ್ಟೇ ಅಲ್ಲ. ರಾಯಚೂರಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಖಾದರ್ ಮೆಲ್ಲಗೆ ಎತ್ತಿಕೊಟ್ಟ ಚೆಂಡು, ನನ್ನ ತಲೆಗೆ ಬಿಗಿದ ರುಮಾಲು. ಡಿಕ್ಕಿ ಕೊಟ್ಟೆ, ಕಾಲುಗಳು ನನ್ನವಲ್ಲದಂತೆ ಮಡಚಿಕೊಂಡವು. ರುಮಾಲಿನ ಒಂದು ಸುತ್ತೂ ಸಡಿಲಾಗಿರಲಿಲ್ಲ. ಅಷ್ಟು ಸಣ್ಣದಕ್ಕೆ ಬಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತೇ ಹೊರತು ಹೆದರಿಕೆಯಾಗಲಿಲ್ಲ. ಹೆದರಿಕೆ ಬಂದದ್ದು ಮಾರನೆಯ ದಿನ, ಖಾದರನ ಮನೆಯಲ್ಲಿ ಉಣ್ಣಲು ಕೂತಾಗ. ಸಾರು ಸಪ್ಪಗಿತ್ತು. ಕೇಳಲು ಬಾಯಿ ತೆರೆದೆ. ಬಿಳಿಯದು, ಸಮುದ್ರದಿಂದ ಬರುವುದು, ಸಂತೆಯಲ್ಲಿ ಸೇರಿನಿಂದ ಅಳೆಯುವುದು, ಎಲ್ಲವೂ ಗೊತ್ತು. ಹೆಸರು ಬರಲಿಲ್ಲ. ಬೆರಳುಗಳನ್ನು ಉಜ್ಜಿ ತೋರಿಸಿದೆ. ಖಾದರನ ತಾಯಿ ನಗುತ್ತಾ ಉಪ್ಪು ಕೊಟ್ಟಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಊಟ ಬಿಟ್ಟು ಎದ್ದು ಚೀಲದಿಂದ ಓದುವ ಪುಸ್ತಕ ತೆಗೆದೆ. ಅಕ್ಷರಗಳು ಇರುವೆಯ ಸಾಲಿನ ಹಾಗೆ ಹರಿದಾಡುತ್ತಿದ್ದವು. ಒಂದನ್ನು ಹಿಡಿದರೆ ಅದರ ಪಕ್ಕದ್ದು ಜಾರುತ್ತಿತ್ತು. ಅಯ್ಯೋ ಶಿವನೇ, ಇನ್ನು ಮುಗಿಯಿತು ಎಂದುಕೊಂಡೆ. ಅಪ್ಪ ಬಿಸಿಲಲ್ಲಿ ಸುಟ್ಟುಕೊಂಡು ಗಳಿಸಿಕೊಟ್ಟದ್ದು ಅದೊಂದೇ, ಓದು. ಅದು ನನ್ನ ಕಣ್ಣೆದುರೇ ಪುಟ ಬಿಟ್ಟು ಹೊರಟಿತ್ತು.

ಖಾದರ್ ಅಪ್ಪನಿಗೆ ಹೇಳಿ ಕಳಿಸಿದ. ಅಪ್ಪ ಬಂದ ಮೇಲೆ ಮೂವರೂ ಸರಕಾರಿ ದವಾಖಾನೆಗೆ ಹೋದೆವು. ಅಲ್ಲಿನ ಬೆಂಚಿನ ಮೇಲೆ ಕಾಯುವುದು ನನಗೆ ಪೆಟ್ಟಿಗಿಂತ ಕಷ್ಟವಾಯಿತು. ಒಬ್ಬನ ಮೊಣಕಾಲು ಕುಂಬಳಕಾಯಿಯಷ್ಟು ಬಾತಿತ್ತು, ಒಬ್ಬಾಕೆಯ ಕೈ ಸುಟ್ಟಿತ್ತು. ಎಲ್ಲರೂ ತಮ್ಮ ತಮ್ಮದನ್ನು ತೋರಿಸಿ ಹೇಳಿಕೊಂಡ ಮೇಲೆ ನನ್ನ ಕಡೆ ತಿರುಗಿ, ನಿನಗೇನಾಗಿದೆ ಎಂದು ಕೇಳುತ್ತಿದ್ದರು. ತೋರಿಸಲು ನನ್ನ ಬಳಿ ಏನಿತ್ತು? ಎತ್ತಿನಂಥ ಆಳು, ಮೈಮೇಲೆ ಗೀರೂ ಇಲ್ಲ. ಚೆಂಡು ತಾಗಿತು ಎಂದೆ. ಕೈ ಸುಟ್ಟಾಕೆಯೇ ನಕ್ಕಳು. ಆಮೇಲೆ ಬಾಗಿಲಿನ ಬೆಳಕಿಗೆ ನಾನು ಕಣ್ಣು ಕಿವುಚುವುದನ್ನು ಕಂಡು, ಅದೇ ಸುಟ್ಟ ಕೈಯಿಂದ ಸೆರಗು ಎಳೆದು ನನ್ನ ಮುಖಕ್ಕೆ ನೆರಳು ಹಿಡಿದಳು. ನನ್ನ ಸರದಿ ಬರುವವರೆಗೂ ಹಿಡಿದೇ ಇದ್ದಳು. ಆಕೆಯ ಹೆಸರು ಕೇಳಲಿಲ್ಲ.

ಡಾಕ್ಟರ್ ಸಾಹೇಬರು ನನ್ನನ್ನು ಒಂದು ಗೆರೆಯ ಮೇಲೆ ನಡೆಸಿದರು, ವಾರಗಳ ಹೆಸರು ಹಿಂದುಮುಂದಾಗಿ ಹೇಳಿಸಿದರು. ಬುಧವಾರದಲ್ಲಿ ಸಿಕ್ಕಿಹಾಕಿಕೊಂಡೆ. ಎಷ್ಟು ಸಲ ಹೀಗೆ ಬಿದ್ದಿದ್ದಾನೆ ಎಂದು ಕೇಳಿದರು. ಖಾದರ್ ಮೂರನ್ನೂ ಹೇಳಿದ. ಸಾಹೇಬರು ಅಪ್ಪನ ಕಡೆ ತಿರುಗಿದರು.

"ಮೊದಲ ಪೆಟ್ಟು ದೊಡ್ಡದಿತ್ತು, ಲಗೂನ ಆರಾಮಾದ. ಈಗಿಂದು ಸಣ್ಣದು, ಆದ್ರ ಉಪ್ಪಂತ ಅನ್ನಾಕ ಬರವಲ್ದು. ಇನ್ನೊಂದು ಬಿದ್ರ ಓದೋದು ಅತ್ಲಾಗಿರ್ಲಿ, ನಿನ್ನ ಗುರುತು ಹಿಡೀತಾನಂತ ನಾ ಹೇಳಂಗಿಲ್ಲ. ಆಟ ಬಿಡಸು."

ಅಪ್ಪ ಕೈಮುಗಿದು, ಸಾವುಕಾರರು ಸ್ವತಃ ಸುತ್ತಿದ ರುಮಾಲಿದೆ, ಇನ್ನೂ ಬಿಗಿಯಾಗಿ ಕಟ್ಟಿಕೊಂಡು ಆಡುತ್ತಾನೆ ಎಂದ. ಸಾಹೇಬರು ನಿಟ್ಟುಸಿರು ಬಿಟ್ಟು ನಮ್ಮ ಕಡೆ ಎಲ್ಲರೂ ಆಡುವ ಉರ್ದು ಗಾದೆ ಹೇಳಿದರು: "ಸರ್ ಸಲಾಮತ್ ತೊ ಪಗಡಿ ಹಜಾರ್." ತಲೆ ಉಳಿದರೆ ರುಮಾಲು ಸಾವಿರ ಸಿಕ್ಕಾವು.

ಅಪ್ಪ ತಡವರಿಸಲಿಲ್ಲ. "ಸಾವಿರ ನಿಮ್ಮಂಥೋರಿಗ್ರೀ ಸಾಹೇಬ್ರ. ನಮ್ಮ ಕೇರಿಗೆ ಬಂದದ್ದು ಇದೊಂದ."

ಡಾಕ್ಟರ್ ಸಾಹೇಬರು, ಕತ್ತಲ ಕೋಣೆಯಲ್ಲಿ ಮಲಗಿಸು, ಅಕ್ಷರ ತಾವಾಗಿ ನಿಲ್ಲುವವರೆಗೆ ಓದಿಸಬೇಡ ಎಂದಷ್ಟೇ ಹೇಳಿ ಕಳಿಸಿದರು.

ನಮ್ಮ ಮನೆಯಲ್ಲಿ ಕೋಣೆ ಎಲ್ಲಿಯದು? ಅವ್ವ ಮೂಲೆಯಲ್ಲಿ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟಳು. ಒಳಗೆ ನಾನು, ಹೊರಗೆ ಅವಳ ಕಾವಲು. ಒನಕೆಯ ಸಪ್ಪಳ ನನ್ನ ತಲೆಯೊಳಗೇ ಕುಟ್ಟಿದಂತಾಗುತ್ತದೆ ಎಂದು ಒಮ್ಮೆ ಅಂದೆ. ಅವ್ವ ಯಾರಿಗೆ ಏನು ಹೇಳಿದಳೋ, ಮರುದಿನದಿಂದ ಕೇರಿಯ ಹೆಂಗಸರು ತಮ್ಮ ಒನಕೆಗಳನ್ನು ಹೊತ್ತು ಹಳ್ಳದ ಆಚೆಯ ಬೇವಿನ ಮರದ ಬುಡಕ್ಕೆ ಹೋಗಿ ಕುಟ್ಟತೊಡಗಿದರು. ಸುಡುವ ಬಿಸಿಲು, ಮೈಮುರಿಯುವ ಕೆಲಸ, ಅದರ ಮೇಲೆ ಅಷ್ಟು ನಡಿಗೆ. ಒಬ್ಬರೂ ಗೊಣಗಲಿಲ್ಲ. ಅವರಲ್ಲಿ ಕೆಲವರು ಅವ್ವನೊಂದಿಗೆ ಮಾತು ಬಿಟ್ಟವರೂ ಇದ್ದರು. ಆ ಋಣ ಈಗಲೂ ನನ್ನ ಮೇಲಿದೆ.

ಮೆಲ್ಲಮೆಲ್ಲಗೆ ಹಗುರಾಯಿತು. ವಾಕರಿಕೆ ನಿಂತಿತು. ಒಂದು ಮುಂಜಾನೆ ಹಾಸಿಕೊಂಡ ಗೋಣಿಚೀಲದ ಮೇಲಿನ ಮಾಸಿದ ಅಕ್ಷರಗಳ ಮೇಲೆ ಕಣ್ಣು ಬಿತ್ತು. ರಾ, ಯ, ಚೂ, ರು. ನಾಲ್ಕೂ ಮಿಸುಕದೆ ನಿಂತಿದ್ದವು. ಕೌದಿ ಸರಿಸಿ ಹೊರಗೆ ಬಂದು ಅವ್ವನಿಗೆ ಓದಿ ತೋರಿಸಿದೆ. ಅವಳಿಗೆ ತಿಳಿಯಲಿಲ್ಲ, ಆದರೂ ಕುಣಿದಳು. ಪುಸ್ತಕದ ಸಣ್ಣ ಅಕ್ಷರ ಇನ್ನೂ ನಡುಗುತ್ತಿತ್ತು. ಅರ್ಧ ಪುಟಕ್ಕೆ ಹಣೆ ಸಿಡಿಯುತ್ತಿತ್ತು. ಹೊರಗಿನವರಿಗೆ ಮಾತ್ರ ನಾನು ಗುಂಡುಕಲ್ಲು.

ಸರಿಯಾಗಿ ಆಗಲೇ ಸಾವುಕಾರರ ಆಳು ಬಂದ. ಹೈದರಾಬಾದಿನ ತಂಡ ಬರುತ್ತಿದೆ, ಬಹುಮಾನದ ಕಪ್ಪಿಗಾಗಿ ಆಟ, ಹಣಮ ಬರಲೇಬೇಕು. ಗೆದ್ದರೆ ತಂಡಕ್ಕೆಲ್ಲ ಸಾವುಕಾರರ ಅಂಗಳದಲ್ಲಿ ಊಟ, ಒಂದೇ ಪಂಕ್ತಿ. ಆ ಕೊನೆಯ ಮಾತು ಅಪ್ಪನಿಗೆ ತಾಗಬೇಕಾದಲ್ಲಿ ತಾಗಿತು. ಮಗ ಎದ್ದು ಓಡಾಡುತ್ತಾನೆ, ಓದುತ್ತಾನೆ, ಇನ್ನೇನು? ನನಗೂ ಆಸೆಯಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಗಲ ಮೇಲೆ ಏರಿದವನಿಗೆ ನೆಲ ರುಚಿಸುವುದಿಲ್ಲ. ಹೆದರಿಕೆ ಒಂದು ಕಡೆ, ಆ ಪಂಕ್ತಿ ಒಂದು ಕಡೆ. ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ.

ನಾವು ಹೊರಡುವಾಗ ಅವ್ವ ಖಾದರನ ತಾಯಿಗೆಂದು ಒಂದು ಗಡಿಗೆ ಮೊಸರು ಕೊಟ್ಟಳು. ನಮ್ಮ ಎಮ್ಮೆಯ ಮೊಸರು, ಚಾಕು ಹಾಕಿ ಕೊಯ್ಯಬೇಕು, ಅಷ್ಟು ಗಟ್ಟಿ. ಮಾನ್ವಿಯವರೆಗೆ ಬಂಡಿ, ಅಲ್ಲಿಂದ ಇದ್ದಿಲ ಬಸ್ಸು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತಾ ಓಡುತ್ತಿದ್ದವು. ಅಪ್ಪ ಗಡಿಗೆಗೆ ಹುಲ್ಲು ಸುತ್ತಿ, ಅದರ ಮೇಲೆ ತನ್ನ ಕಂಬಳಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡ. ಗುಂಡಿ ಬಂದಾಗೆಲ್ಲ ಎರಡೂ ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದ. ರಾಯಚೂರು ಮುಟ್ಟುವ ತನಕ ಅವನಿಗೆ ಅದೊಂದೇ ಹೆಮ್ಮೆ, ಗಡಿಗೆಗೆ ಒಂದು ಕೂದಲೆಳೆಯಷ್ಟು ಬಿರುಕೂ ಬರಲಿಲ್ಲ ಎಂದು.

ಖಾದರನ ಮನೆಯ ಜಗುಲಿಯ ಮೇಲೆ ಗಡಿಗೆ ಇಳಿಸಿ, ಕಂಬಳಿ ಬಿಚ್ಚಿ, ಹುಲ್ಲು ಬಿಡಿಸಿ, ನೋಡಮ್ಮಾ ಹೇಗೆ ತಂದಿದ್ದೇನೆ ಎಂದು ಮುಚ್ಚಳ ತೆಗೆದ. ಒಳಗೆ ಮೊಸರಿರಲಿಲ್ಲ. ಹಳದಿ ನೀರು, ಅದರಲ್ಲಿ ಒಡೆದ ಚೂರುಗಳು ತೇಲುತ್ತಿದ್ದವು.

ಖಾದರನ ತಾಯಿ ಇರಲಿ ಬಿಡಪ್ಪಾ ಎನ್ನುತ್ತಿದ್ದಳು. ಅಪ್ಪನಿಗೆ ಅದು ಕೇಳಿಸಲಿಲ್ಲ. ಗಡಿಗೆಯ ಹೊರಮೈಯನ್ನು ಸುತ್ತಲೂ ಸವರಿದ. ಮತ್ತೆ ಒಳಗೆ ಬಗ್ಗಿ ನೋಡಿದ. ಆಮೇಲೆ ನನ್ನ ಕಂಕುಳಲ್ಲಿದ್ದ ರುಮಾಲಿನ ಗಂಟನ್ನು ನೋಡಿದ. ಅವನ ಮುಖದ ಬಣ್ಣ ಇಳಿಯುವುದು ನನಗೆ ಕಂಡಿತು.

"ಹಣಮಾ, ಆ ಡಾಕ್ಟರ್ ಸಾಹೇಬ್ರು ಹೇಳಿದ್ದು ಇದನ್ನ ಏನು?"

"ಹೂಂ ಯಪ್ಪಾ. ಇದನ್ನ."

ಅಪ್ಪ ಜಗುಲಿಯ ಮೇಲೆ ಕೂತ. "ದಾರಿ ತುಂಬ ಗಡಿಗಿ ನೋಡಕೋಂತ ಬಂದ್ನೆಪ್ಪ ನಾ," ಎಂದ. "ಒಳಗಿಂದು ನೋಡಲಿಲ್ಲ."

ನಾನು ಅವನ ಪಕ್ಕ ಕೂತೆ. ಆಗ ಹೇಳಿದೆ, ಅಷ್ಟು ದಿನ ಹೇಳಲಾರದ್ದನ್ನು: ಅಕ್ಷರಗಳು ಇನ್ನೂ ನಡುಗುತ್ತವೆ, ನನಗೆ ಹೆದರಿಕೆಯಾಗುತ್ತದೆ, ಆಡಲಾರೆ. ಅಪ್ಪ ನನ್ನ ಕಂಕುಳಿನಿಂದ ಗಂಟು ತೆಗೆದುಕೊಂಡು ಎದ್ದ.

ಕೋಟೆಯ ಕೆಳಗಿನ ಮೈದಾನದಲ್ಲಿ ಜನ ಆಗಲೇ ನೆರೆದಿತ್ತು. ಸಾವುಕಾರರು ಕುರ್ಚಿಯಲ್ಲಿದ್ದರು. ಅವರ ಎದುರು ಅಪ್ಪ ಯಾವತ್ತೂ ತಲೆ ಎತ್ತಿ ಮಾತಾಡಿದವನಲ್ಲ. ದೂರ ನಿಂತು, ಕೇಳಿದ್ದಕ್ಕೆ ಹೂಂ ಅಂದು ಬರುವವನು. ಆವತ್ತು ನೆಟ್ಟಗೆ ಹತ್ತಿರ ಹೋದ.

"ರುಮಾಲು ನಿಮ್ಮದು ಸಾವುಕಾರ್ರ, ತಲಿ ನಮ್ಮದು. ರುಮಾಲು ತಗೋರಿ."

ಕೊಟ್ಟ ಮರ್ಯಾದೆಯನ್ನು ಮರಳಿಸುವುದು ನಮ್ಮ ಕಡೆ ಮುಖಕ್ಕೆ ಉಗುಳಿದ ಹಾಗೆ. ಸಾವುಕಾರರ ಮುಖ ಕೆಂಪಾಯಿತು, ಬಿಳಿಚಿತು. ಇಷ್ಟು ಜನರ ಮುಂದೆ ನನ್ನ ಮಾನ ಕಳೆದೆಯಲ್ಲ ದುರಗಪ್ಪ ಎಂದರು. ಮಾನ ನಿಮ್ಮದು ದೊಡ್ಡದು, ಅದು ಹೋಗುವುದಿಲ್ಲ, ನನ್ನ ಮಗನ ತಲೆ ಹೋದರೆ ಬರುವುದಿಲ್ಲ ಎಂದು ಅಪ್ಪ ಹೇಳಿ ರುಮಾಲನ್ನು ಅವರ ತೊಡೆಯ ಮೇಲೆಯೇ ಇಟ್ಟ. ನನ್ನಪ್ಪ ಅಷ್ಟು ಎತ್ತರದ ಆಳು ಎಂದು ನನಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ.

ಇವತ್ತು ತಲೆ ಕೊಡುವವರು ಯಾರು ಹಾಗಾದರೆ ಎಂದು ಸಾವುಕಾರರು ತಂಡದ ಕಡೆ ಗುಡುಗಿದರು.

ಖಾದರ್ ಚೆಂಡನ್ನು ಪಾದದಿಂದ ಮೆಲ್ಲಗೆ ಎಳೆದುಕೊಂಡ. "ಕಾಲ ಅದಾವಲ್ರೀ," ಎಂದ.

ಜನ ಗೊಳ್ಳೆಂದಿತು. ಸಾವುಕಾರರ ಮೀಸೆಯ ಕೆಳಗೂ ಏನೋ ಅಲುಗಾಡಿದ್ದನ್ನು ನಾನು ಕಂಡೆ.

ಆಟ ಗೆದ್ದೆವು ಎಂದು ಬರೆದರೆ ಕೇಳಲು ಚೆಂದ. ಸೋತೆವು, ಒಂದು ಗೋಲಿನಿಂದ. ಎರಡು ಸಲ ನನ್ನ ತಲೆಯ ಎತ್ತರಕ್ಕೇ ಚೆಂಡು ತೇಲಿ ಬಂದು ಯಾರಿಗೂ ಎಟುಕದೆ ಹೋಯಿತು. ಮೈದಾನದ ಅಂಚಿನಲ್ಲಿ ಕೂತಿದ್ದ ನನ್ನ ಕುತ್ತಿಗೆ ತಾನಾಗಿ ಮುಂದಕ್ಕೆ ಜಿಗಿಯಿತು. ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ಪಂಕ್ತಿಯ ಊಟ ತಪ್ಪಿತು. ಖಾದರನ ತಾಯಿ ಇಡೀ ತಂಡವನ್ನು ಮನೆಗೆ ಕರೆದು ಜಗುಲಿಯ ಮೇಲೆ ಒಂದೇ ಸಾಲಿಗೆ ಕೂರಿಸಿ ಬಡಿಸಿದಳು. ಆ ಒಡೆದ ಮೊಸರನ್ನು ಕಡೆದು, ಶುಂಠಿ ಕೊತ್ತಂಬರಿ ಹಾಕಿ ಮಜ್ಜಿಗೆ ಮಾಡಿದ್ದಳು. ಕುಡಿದು ಲೋಟ ಇಡುತ್ತಾ ಅಪ್ಪ, ಒಡೆದ ಮೊಸರು ಮಜ್ಜಿಗೆಗಾದರೂ ಬಂತು, ಒಡೆದ ತಲೆ ಯಾತಕ್ಕೂ ಬರುತ್ತಿರಲಿಲ್ಲ ಎಂದ. ಎಲ್ಲರೂ ನಕ್ಕೆವು. ನಾನು ಉಪ್ಪು ಕಡಿಮೆಯಾಗಿದೆ ಎಂದು ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡೆ.

ತಲೆಗೆ ಪದೇ ಪದೇ ಪೆಟ್ಟು ಬಿದ್ದವನು ಆಡಬೇಕೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸುವುದಿಲ್ಲ. ಬೇಡ. ಗಂಡಸುತನ, ಊರಿನ ಹೆಸರು, ಇನ್ನೊಂದೇ ಆಟ, ಎಲ್ಲವೂ ರುಮಾಲಿನ ಮಾತು. ಮುಂದೆ ಮಾನ್ವಿಯ ಮಕ್ಕಳಿಗೆ ಆಟ ಕಲಿಸುವಾಗ, ಬಿದ್ದು ಕಣ್ಣು ಮಂಜಾದವನು ಅವತ್ತು ಮೈದಾನದ ಹೊರಗೆ, ಎರಡನೆಯ ಸಲವಾದರೆ ಆ ವರ್ಷವೆಲ್ಲ ಹೊರಗೆ ಎಂದು ಕಟ್ಟು ಮಾಡಿದೆ. ಮೊದಮೊದಲು ಹೇಡಿಗಳ ಕಟ್ಟು ಎಂದು ಆಡಿಕೊಂಡರು. ಆಮೇಲೆ ದೇವದುರ್ಗದವರೂ ಒಪ್ಪಿದರು. ಒಪ್ಪಿಸಿದವನು ನನ್ನ ತಲೆಗೆ ತಲೆ ತಾಗಿ ಹುಬ್ಬು ಒಡೆದುಕೊಂಡವನೇ. ಅವನಿಗೂ ಆ ಆಟದ ಕೊನೆ ನೆನಪಿಲ್ಲವಂತೆ. ರಕ್ತ ಒರೆಸುವ ಭರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಮಾನ್ವಿಗೆ ಬರುವ ಹೊತ್ತಿಗೆ ನಾನು ಕೌದಿಯ ಹಿಂದೆ ಇನ್ನೊಂದಿಷ್ಟು ಕಾಲ ಕಳೆದಿದ್ದೆ. ಹೊರಡುವ ಮುಂಜಾನೆ ಸಾವುಕಾರರ ಆಳು ಬಂದು, ತಲೆ ಹೇಗಿದೆ ಎಂದು ಕೇಳಿಕೊಂಡು ಬರಲು ಹೇಳಿದ್ದಾರೆ ಎಂದ. ನೆಟ್ಟಗೆ ನಿಂತಿದೆ ಎಂದು ಹೇಳಿ ಕಳಿಸಿದೆ.

ಶಾಲೆಯ ದೊಡ್ಡ ಕೋಣೆ. ಮೇಜಿನಾಚೆ ಸಾಹೇಬರು, ಬಾಗಿಲಲ್ಲಿ ಜವಾನ. ಅಪ್ಪನನ್ನು ಒಳಗೆ ಬಿಡಲಿಲ್ಲ, ಅವನು ಸುತ್ತು ಹಾಕಿ ಕಿಟಕಿಯ ಹೊರಗೆ ಹೋಗಿ ನಿಂತ. ಸಾಹೇಬರು ಪುಸ್ತಕ ತೆರೆದು ಒಂದು ಪುಟ ತೋರಿಸಿ ಓದು ಎಂದರು. ಮುಂಗಾರಿನ ಬಗ್ಗೆ ಏನೋ ಪಾಠ. ಕಣ್ಣು ಇಳಿಸಲು ಮೊದಲು ಧೈರ್ಯವಾಗಲಿಲ್ಲ. ಆಮೇಲೆ ನೋಡಿದೆ. ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

ಓದಿದೆ. ನಡುವೆ ಒಂದು ಉದ್ದನೆಯ ಪದ ಅಲುಗಿದಂತಾಯಿತು. ಉಸಿರು ಬಿಟ್ಟು ಕಾದೆ, ನಿಂತಿತು, ಅದನ್ನೂ ದಾಟಿದೆ. ಪುಟ ಮುಗಿಯಿತು. ತಲೆ ಸಿಡಿಯಲಿಲ್ಲ. ಸಾಹೇಬರು ಠೀಕ್ ಎಂದು ಪುಸ್ತಕಕ್ಕೆ ಕೈ ಚಾಚಿದರು.

ಆಗ ಕಿಟಕಿಯಾಚೆಯಿಂದ ಅಪ್ಪನ ದನಿ ಬಂತು. "ಸಾಹೇಬ್ರ, ಇನ್ನೊಮ್ಮಿ ಓದಸ್ರೀ."

ಜವಾನ ಗದರಿಸಲು ಹೊರಟ. ಸಾಹೇಬರು ಕೈ ಎತ್ತಿ ಅವನನ್ನು ತಡೆದು, ಕಿಟಕಿಯ ಸರಳುಗಳನ್ನು ಹಿಡಿದು ನಿಂತಿದ್ದ ಅಪ್ಪನನ್ನು ನೋಡಿದರು. ಪುಸ್ತಕವನ್ನು ನನ್ನ ಕೈಯಲ್ಲೇ ಬಿಟ್ಟು, ಮೊದಲಿನಿಂದ ಓದಪ್ಪಾ ಎಂದರು.

ನಾನು ಕಿಟಕಿಯ ಕಡೆ ತಿರುಗಿ ನಿಂತು, ಗಟ್ಟಿಯಾಗಿ ಓದಿದೆ.